ಮ್ಯಾಪಲ್ಲಿ ಕೆಂಪಾಗಿ ಕಂಡಿದ್ದೆಲ್ಲ ಅದಿರು ಅಲ್ಲ

ಏರ್‌ಬೋರ್ನ್ ಸರ್ವೆ ಅಂದ್ರೆ ವಿಮಾನದಲ್ಲಿ ಕೂತು ಕೆಳಗೆ ಫೋಟೋ ತೆಗೀತಾರೆ ಅಂತ ತುಂಬಾ ಜನ ಅನ್ಕೊಂಡಿದ್ದಾರೆ, ಆದ್ರೆ ಅದಿರು ಹುಡುಕೋ ನಮಗೆ ಕಣ್ಣಿಗೆ ಕಾಣೋದು ಅಷ್ಟು ಮುಖ್ಯ ಅಲ್ಲ, ಮೇಲೆ ಕಾಡಿರ್ಲಿ ಕೆಸರಿರ್ಲಿ, ಅಡಿಯಲ್ಲಿರೋ ಬಂಡೆ ಭೂಮಿಯ ಮ್ಯಾಗ್ನೆಟಿಕ್ ಫೀಲ್ಡನ್ನ ಎಷ್ಟು ಏರುಪೇರು ಮಾಡ್ತಿದೆ, ಕರೆಂಟನ್ನ ಎಷ್ಟು ಹರಿಯೋಕೆ ಬಿಡುತ್ತೆ, ಅದು ಬೇಕು.

ಅದಕ್ಕೆ ಹೊಲ ಉತ್ತಹಾಗೆ ಸಾಲು ಹಿಡ್ಕೊಂಡು ಹಾರ್ಬೇಕು. 2017ರಲ್ಲಿ ಜಿಯಲಾಜಿಕಲ್ ಸರ್ವೆ ಆಫ್ ಇಂಡಿಯಾ ಶುರು ಮಾಡಿದ ಏರೋ ಮ್ಯಾಪಿಂಗಲ್ಲಿ ಸಾಲಿಂದ ಸಾಲಿಗೆ 300 ಮೀಟರ್, ಎತ್ತರ ಬರೀ 80 ಮೀಟರ್ ಆಸುಪಾಸು. ಇನ್ನೂ ಮೇಲೆ ಹೋದ್ರೆ ಸಿಗ್ನಲ್ ಸೊರಗುತ್ತೆ, ಅಕ್ಕಪಕ್ಕ ಇರೋ ಎರಡು ಅನಾಮಲಿ, ಅಂದ್ರೆ ಸುತ್ತಲಿಗಿಂತ ಅಳತೆ ಬೇರೆ ಬರೋ ಜಾಗ, ಕಲಸ್ಕೊಂಡು ಒಂದೇ ಅನ್ನೋ ಥರ ಕಾಣುತ್ತೆ. ಸಾಲು ಬಂಡೆ ಪಟ್ಟಿಗೆ ಅಡ್ಡಡ್ಡ ಇರ್ಬೇಕು, ನಮ್ಮ ಧಾರವಾಡ ಶಿಲೆಗಳು ಹೆಚ್ಚುಕಮ್ಮಿ ಉತ್ತರ-ದಕ್ಷಿಣ ಹಬ್ಬಿರೋದ್ರಿಂದ ಇಲ್ಲಿ ಪೂರ್ವ-ಪಶ್ಚಿಮ ಹಾರೋದೇ ಸರಿ.

ಹಾರೋದಕ್ಕಿಂತ ಕಷ್ಟ, ಅಳತೆಯಿಂದ ಬೇಡದ್ದನ್ನ ಕಳೆಯೋ ಲೆಕ್ಕದ್ದು. ದಕ್ಷಿಣ ಭಾರತದಲ್ಲಿ ಮ್ಯಾಗ್ನೆಟಿಕ್ ಫೀಲ್ಡ್ ಸುಮಾರು 40,000 ನ್ಯಾನೋಟೆಸ್ಲಾ (ಅದನ್ನ ಅಳೆಯೋ ಯೂನಿಟ್), ಅದರಲ್ಲಿ ಕೆಲವು ಸಲ ನಾವು ಹುಡುಕ್ತಿರೋದು ಹತ್ತಿಪ್ಪತ್ತು ಅಷ್ಟೇ. ವಿಮಾನದ ಎಂಜಿನ್ನೇ ಅದಕ್ಕಿಂತ ಜಾಸ್ತಿ ಗಲಾಟೆ ಮಾಡಬಹುದು, ಹಾಗಾಗಿ ಸೆನ್ಸರನ್ನ ಬಾಲದ ಹಿಂದೆ ಉದ್ದ ಕೋಲಿನ ತುದಿಗೆ ಕೂರಿಸ್ತೀವಿ, ಸರ್ವೆಗೆ ಮುಂಚೆ ಎತ್ತರಕ್ಕೆ ಹೋಗಿ ವಿಮಾನವನ್ನ ಬೇಕಂತಲೇ ಆ ಕಡೆ ಈ ಕಡೆ ವಾಲಿಸಿ ಅದರದ್ದೇ ಗಲಾಟೆ ಎಷ್ಟು ಅಂತ ಅಳೀತೀವಿ. ಸೂರ್ಯನ ದೆಸೆಯಿಂದ ಫೀಲ್ಡ್ ದಿನವಿಡೀ ಬದಲಾಗ್ತಾನೇ ಇರುತ್ತೆ, ಅದನ್ನ ಹಿಡಿಯೋಕೆ ನೆಲದ ಮೇಲೆ ಫೀಲ್ಡ್ ಅಳೆಯೋ ಇನ್ನೊಂದು ಮ್ಯಾಗ್ನೆಟೋಮೀಟರ್. ಮ್ಯಾಗ್ನೆಟಿಕ್ ಸ್ಟಾರ್ಮ್ ಎದ್ರೆ, ಅಂದ್ರೆ ಈ ಬದಲಾವಣೆ ತೀರಾ ಜೋರಾದ್ರೆ, ಆಕಾಶ ಎಷ್ಟೇ ತಿಳಿಯಾಗಿದ್ರೂ ಆ ದಿನ ಹಾರಾಟ ಇಲ್ಲ, ಪೈಲಟ್‌ಗಳಿಗೆ ಇದನ್ನ ಒಪ್ಪಿಸೋದೇ ಒಂದು ಕೆಲಸ!

ಇಷ್ಟೆಲ್ಲ ಆದ್ಮೇಲೆ ಬರೋ, ಅನಾಮಲಿ ಕೆಂಪಾಗಿ ಎದ್ದು ಕಾಣೋ ಬಣ್ಣಬಣ್ಣದ ಮ್ಯಾಪ್ ನೋಡಿ ಮೇಲಿನವರು ತಕ್ಷಣ ಕೇಳೋದು, ಎಲ್ಲಿ ಡ್ರಿಲ್ ಮಾಡೋಣ ಅಂತ. ಅವಸರ ಬೇಡ. ಕರೆಂಟ್ ಹರಿಸೋದು ಸಲ್ಫೈಡ್ ಅದಿರೊಂದೇ (ಗಂಧಕ ಸೇರಿರೋ ಲೋಹದ ಅದಿರು) ಅಲ್ಲ, ಗ್ರಾಫೈಟು, ಉಪ್ಪುನೀರು, ಜೇಡಿಮಣ್ಣು ಎಲ್ಲಾ ಹರಿಸುತ್ತೆ. ಕೆನಡಾದ ಟಿಮಿನ್ಸ್ ಹತ್ರದ ಕಿಡ್ ಕ್ರೀಕ್ ನೋಡಿ, ಟೆಕ್ಸಾಸ್ ಗಲ್ಫ್ ಸಲ್ಫರ್ ಕಂಪನಿಯ ಹೆಲಿಕಾಪ್ಟರ್ ಸರ್ವೆಯಲ್ಲಿ ಅನಾಮಲಿ ಸಿಕ್ಕಿದ್ದು 1959ರಲ್ಲಿ, ಅಂಥವು ಇನ್ನೂ ರಾಶಿ ಇದ್ವು, ನೆಲದ ಮೇಲೆ ಮತ್ತೆ ಅಳೆದು ಮೊದಲ ಬೋರ್ ಇಳಿಸಿದ್ದು 1963ರ ನವೆಂಬರಲ್ಲಿ. ಸಿಕ್ಕಿದ್ದು ತಾಮ್ರ, ಸತು, ಬೆಳ್ಳಿಯ ಭಾರೀ ನಿಕ್ಷೇಪ. ಸುದ್ದಿ ಹೊರಗೆ ಬರೋಕೆ ಮುಂಚೆ ಒಳಗಿನವರೇ ಶೇರು ಕೊಂಡು ಕೇಸಾಯ್ತು, ಅದಕ್ಕೇ ಈ ಗಣಿ ಹೆಸರು ನಮ್ಮ ಹುಡುಗರಿಗಿಂತ ಲಾಯರ್‌ಗಳಿಗೇ ಚೆನ್ನಾಗಿ ಗೊತ್ತು.