ಗಾಳಿಯತ್ತ ಮೂಗು ತಿರುಗಿಸುವ ರಾಕೆಟ್

ಫಿರಂಗಿ ಗುಂಡು ನಳಿಕೆಯೊಳಗೇ ಪೂರ್ತಿ ವೇಗ ಪಡೆದು ಹೊರಬೀಳುತ್ತದೆ. ರಾಕೆಟ್ ಹಾಗಲ್ಲ, ನಿಧಾನಕ್ಕೆ ಹೊರಟು ಉರಿಯುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಆ ಕೆಲವು ಕ್ಷಣಗಳಲ್ಲಿ ಅಡ್ಡಗಾಳಿ ಬೀಸಿದರೆ ಅದು ಬಾಲದ ರೆಕ್ಕೆಗಳನ್ನು ತಳ್ಳುತ್ತದೆ. ಮೂಗು ಗಾಳಿ ಬಂದ ದಿಕ್ಕಿಗೇ ತಿರುಗುತ್ತದೆ, ಮೋಟಾರು ಅತ್ತಲೇ ನೂಕುತ್ತದೆ. ಚೀನಾದ ಮಲ್ಟಿ ಬ್ಯಾರೆಲ್ ರಾಕೆಟ್ ಲಾಂಚರ್‌ಗಳ, ಅಂದರೆ ಹಲವು ಕೊಳವೆಗಳಿಂದ ರಾಕೆಟ್ ಹಾರಿಸುವ ಯಂತ್ರಗಳ, ವಿಕಾಸವನ್ನು ಈ ದೋಷದ ಜೊತೆಗಿನ ಜಗಳವೆಂದೇ ಓದಬಹುದು.

107 ಮಿಮೀ ಟೈಪ್ 63ರ ರಾಕೆಟ್ಟಿಗೆ ರೆಕ್ಕೆಯೇ ಇಲ್ಲ. ಬುಡದಲ್ಲಿ ಓರೆಯಾಗಿ ಕೊರೆದ ರಂಧ್ರಗಳಿಂದ ನುಗ್ಗುವ ಅನಿಲ ಅದನ್ನು ಬುಗುರಿಯಂತೆ ತಿರುಗಿಸುತ್ತದೆ. ಆದರೆ ಉದ್ದನೆಯ ಕೋಲು ಬುಗುರಿಯಾಗದು. ಹಾಗಾಗಿ ರಾಕೆಟ್ ಗಿಡ್ಡ, ಇಂಧನ ಕಡಿಮೆ, ದೂರ ಸುಮಾರು 8 ಕಿಮೀ. 12 ಕೊಳವೆಯ ಈ ಹಗುರ ಲಾಂಚರನ್ನು ಬಿಚ್ಚಿ ಹೊತ್ತೊಯ್ಯಬಹುದು. ಇರಾನ್, ಟರ್ಕಿ, ಉತ್ತರ ಕೊರಿಯಾ ತಾವೇ ತಯಾರಿಸಿಕೊಂಡವು. ಗೆರಿಲ್ಲಾಗಳಂತೂ ಲಾಂಚರಿನ ಹಂಗೂ ಇಲ್ಲದೆ ಮಣ್ಣಿನ ದಿಬ್ಬಕ್ಕೆ ಒರಗಿಸಿ ಹಾರಿಸಿದ್ದಾರೆ. ಬೀಳುವುದೆಲ್ಲಿ ಎಂಬುದು ಬೇರೆ ಮಾತು.

122 ಮಿಮೀ ಟೈಪ್ 81 ಸೋವಿಯತ್ ಲಾಂಚರ್ ಗ್ರಾಡ್‌ನ ನಕಲು: 40 ಕೊಳವೆ, ಮಡಚುವ ರೆಕ್ಕೆ, ದೂರ 20 ಕಿಮೀ. ರೆಕ್ಕೆಯ ಜೊತೆ ಗಾಳಿಯ ಕಾಟವೂ ಬಂತು.

ತೊಡಕು ಬಿಗಡಾಯಿಸಿದ್ದು 302 ಮಿಮೀ ಡಬ್ಲ್ಯೂಎಸ್-1ರಲ್ಲಿ. ಚದುರುವಿಕೆ, ಅಂದರೆ ರಾಕೆಟ್ ಗುರಿಯಿಂದ ಆಚೀಚೆ ಬೀಳುವ ಅಂತರ, ದೂರದ ಶೇ. 1 ಎಂದರೆ ಕೇಳಲು ಚಿಕ್ಕದು. 100 ಕಿಮೀ ದೂರದಲ್ಲಿ ಅದು 1 ಕಿಮೀ ಆಗುತ್ತದೆ. ಹೊಲದ ಮೇಲೆ ಬಿತ್ತಿದಂತೆ, ಅಷ್ಟೆ. ಚೀನಾದ ಸೇನೆ ಇದನ್ನು ತನ್ನ ಬಳಕೆಗೆ ತೆಗೆದುಕೊಳ್ಳಲಿಲ್ಲ. ಟರ್ಕಿ ಇದರ ಆಧಾರದ ಮೇಲೆ ತನ್ನ ಲಾಂಚರ್ ಕಾಸಿರ್ಗಾ ಕಟ್ಟಿತು, ಥಾಯ್ಲೆಂಡ್ 180 ಕಿಮೀ ಹಾರುವ ಡಬ್ಲ್ಯೂಎಸ್-1ಬಿ ಆಧರಿಸಿ ಡಿಟಿಐ-1 ಮಾಡಿತು. ಆಮೇಲೆ ಮಾರ್ಗದರ್ಶನ (ಹಾರುತ್ತಲೇ ದಾರಿ ತಿದ್ದುವ ವ್ಯವಸ್ಥೆ) ಇರುವ ಡಿಟಿಐ-1ಜಿ ಬೇಕಾಯಿತು.

ಸೋವಿಯತ್ ಲಾಂಚರ್ ಸ್ಮರ್ಚ್ ಮಾದರಿಯ 300 ಮಿಮೀ ರಾಕೆಟ್ಟುಗಳು ಹಾರಾಟದ ಆರಂಭದಲ್ಲೇ ಮೂಗನ್ನು ತಿದ್ದಿಕೊಳ್ಳುತ್ತವೆ. ಪಾಕಿಸ್ತಾನ ಕೊಂಡ ಎ-100, ಮೊರೊಕ್ಕೊ ಕೊಂಡ ಎಆರ್2 ಇದೇ ಸಾಲಿನವು. ಇನ್ನೊಂದು ಕಾಟ ಶಾಖದ್ದು: ಬಿಸಿಯಾದ ಘನ ಇಂಧನ ಬೇಗ ಉರಿಯುತ್ತದೆ. ಮಾರ್ಗದರ್ಶನವಿಲ್ಲದ ರಾಕೆಟ್ ಹಾರಿಸುವವರು ಇಂಧನದ ಉಷ್ಣತೆಯನ್ನೂ ಲೆಕ್ಕಕ್ಕೆ ಸೇರಿಸದಿದ್ದರೆ ಮರುಭೂಮಿಯಲ್ಲಿ ಗುರಿ ದಾಟಿ ಬೀಳುತ್ತದೆ.

ಈಗಿನದು ರಾಕೆಟ್ ತುಂಬಿ ಮೊಹರು ಮಾಡಿದ ಪೆಟ್ಟಿಗೆಯ ಕಾಲ. ಅಲ್ಜೀರಿಯಾ, ಬಹರೇನ್ ಕೊಂಡ ಎಸ್ಆರ್5ರಲ್ಲಿ ಎರಡು ಪೆಟ್ಟಿಗೆ. ಒಂದೊಂದರಲ್ಲೂ 122 ಮಿಮೀಯ 20 ಅಥವಾ 220 ಮಿಮೀಯ 6 ರಾಕೆಟ್. ಒಂದೊಂದಾಗಿ ಕೊಳವೆಗೆ ತುರುಕುವ ಬದಲು ಕ್ರೇನಿನಿಂದ ಪೆಟ್ಟಿಗೆಯನ್ನೇ ಬದಲಿಸಿದರಾಯಿತು. ರಫ್ತಿಗಿಟ್ಟ ಎಆರ್3ರ 370 ಮಿಮೀ ರಾಕೆಟ್ 280 ಕಿಮೀ ಹಾರುತ್ತದೆ ಎನ್ನುತ್ತಾರೆ. ಕ್ಷಿಪಣಿಗಳ ರಫ್ತಿಗೆ ಕಡಿವಾಣ ಹಾಕಲು ದೇಶಗಳು ಕಟ್ಟಿಕೊಂಡ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದ ಮಿತಿ 300 ಕಿಮೀ. ಕೂಟದ ಸದಸ್ಯನಲ್ಲದ ಚೀನಾದ ಸರಕು ಆ ಗೆರೆಗೆ ಇಷ್ಟು ಸಮೀಪ ನಿಲ್ಲುವುದು ಕಾಕತಾಳೀಯ ಅನ್ನಿಸುವುದಿಲ್ಲ.

ಟೈಪ್ 63ನ್ನು ಸಾಧಾರಣ ಕಾರ್ಖಾನೆಯೂ ನಕಲು ಮಾಡಬಹುದಿತ್ತು. ಮೊಹರಾದ ಪೆಟ್ಟಿಗೆ ಖಾಲಿಯಾದರೆ ಕೊಂಡವರು ಮತ್ತೆ ಮಾರಿದವರ ಬಾಗಿಲಿಗೇ ಹೋಗಬೇಕು.