ಬೋರ್‌ವೆಲ್ ಹಗ್ಗ ಹಿಡಿದು ಬಂಡೆ ಏರಬಹುದೇ?

ಪ್ರಶ್ನೆ: ನಾವು ಕೋಲಾರದ ನಾಲ್ಕೈದು ಗೆಳೆಯರು. ಬಿಡುವಿದ್ದಾಗಲೆಲ್ಲ ಅಂತರಗಂಗೆ ಬೆಟ್ಟಕ್ಕೆ ಹೋಗುತ್ತೇವೆ. ಈಗ ಹಗ್ಗ ಕಟ್ಟಿಕೊಂಡು ಬಂಡೆ ಏರುವುದನ್ನು ಕಲಿಯುವ ಆಸೆ. ಅದಕ್ಕೆಂದೇ ತಯಾರಿಸಿದ ಹಗ್ಗದ ಬೆಲೆ ಕೇಳಿ ಹಿಂಜರಿದೆವು. ಸಾವಿರ ಅಡಿ ಆಳದ ಕೊಳವೆ ಬಾವಿಯಲ್ಲಿ ಮೋಟಾರಿಗೆ ಕಟ್ಟುವ ಹಗ್ಗ ನಮ್ಮ ತೋಟದಲ್ಲೇ ಇದೆ. ಎರಡು ಟನ್ ಭಾರ ತಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅರವತ್ತು ಕೆ.ಜಿ. ತೂಕದ ಮನುಷ್ಯನಿಗೆ ಅಷ್ಟು ಸಾಲದೇ? ಕಟ್ಟಡ ಕೆಲಸದವರ ಸುರಕ್ಷತಾ ಬೆಲ್ಟ್ ಮತ್ತು ಬೈಕ್ ಹೆಲ್ಮೆಟ್ ಕೂಡ ನಮ್ಮ ಬಳಿ ಇವೆ.

ಉತ್ತರ: ಸಾಲದು. ಆ ಹಗ್ಗ ದುರ್ಬಲವೆಂದು ನಾನು ಹೇಳುತ್ತಿಲ್ಲ. ಅಂಗಡಿಯವರು ಹೇಳಿದ ಎರಡು ಟನ್ ನಿಜವೇ ಇರಬಹುದು. ಆದರೆ ಅದು ನಿಧಾನವಾಗಿ ಏರಿಸುತ್ತಾ ಹೋದ ಭಾರದ ಲೆಕ್ಕ. ಮೋಟಾರನ್ನು ಪೈಪಿನ ಜೊತೆ ಅಡಿ ಅಡಿಯಾಗಿ ಇಳಿಸುತ್ತಾರೆ. ಒಮ್ಮೆ ಇಳಿದ ಮೇಲೆ ಅದು ಇದ್ದಲ್ಲೇ ಇರುತ್ತದೆ. ಬಂಡೆಯಿಂದ ಜಾರಿದವನು ಹಗ್ಗದ ಮೇಲೆ ಭಾರ ಹಾಕುವ ರೀತಿಯೇ ಬೇರೆ. ಅವನು ವೇಗ ಗಳಿಸುತ್ತಾ ಬಂದು ಒಂದೇ ಜಗ್ಗಿಗೆ ನಿಲ್ಲುತ್ತಾನೆ. ಸೇದುವ ಬಾವಿ ಕಂಡವರಿಗೆ ಇದು ತಿಳಿದ ವಿಷಯ: ತುಂಬಿದ ಕೊಡವನ್ನು ವರ್ಷಗಟ್ಟಲೆ ಮೇಲೆಳೆದ ಹಗ್ಗವೇ, ಕೊಡ ಕೈತಪ್ಪಿ ನಾಲ್ಕು ಮಾರು ಬಿದ್ದು ರಾಟೆಗೆ ಜಗ್ಗಿದ ದಿನ ಕಿತ್ತುಹೋಗುತ್ತದೆ.

ಲೆಕ್ಕವನ್ನೇ ಹಾಕಿ ನೋಡೋಣ. ಅರವತ್ತು ಕೆ.ಜಿ.ಯವನು 4 ಮೀಟರ್ ಬಿದ್ದ ಮೇಲೆ ಹಗ್ಗ ಬಿಗಿಯಾಯಿತು ಎಂದುಕೊಳ್ಳಿ. ಹಗ್ಗ ಹೆಚ್ಚು ಹಿಗ್ಗದೆ ಅವನನ್ನು ಮುಂದಿನ 20 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ, ಅವನ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ 21 ಪಟ್ಟು, ಅಂದರೆ ಸುಮಾರು 1,260 ಕೆ.ಜಿ. ಭಾರ. ಇದು ಸರಾಸರಿ ಮಾತ್ರ. ಜಗ್ಗು ಅತಿ ಹೆಚ್ಚಾದ ಕ್ಷಣದಲ್ಲಿ ಬಲ ಇದರ ಎರಡರಷ್ಟರ ಹತ್ತಿರಕ್ಕೂ ಹೋಗಬಹುದು. ಅದೇ ಮನುಷ್ಯ, ಅದೇ 4 ಮೀಟರ್ ಬೀಳು, ಆದರೆ ಹಗ್ಗ ಹಿಗ್ಗಿ ಒಂದೂವರೆ ಮೀಟರಿನಲ್ಲಿ ನಿಲ್ಲಿಸಿತು ಎಂದಾದರೆ ಸರಾಸರಿ ಬಲ 220 ಕೆ.ಜಿ.ಗೆ ಇಳಿಯುತ್ತದೆ. ಮೊದಲನೆಯ ಸಂದರ್ಭದಲ್ಲಿ ಹಗ್ಗ ತಡೆದುಕೊಂಡಿತು ಎಂದೇ ಇಟ್ಟುಕೊಳ್ಳಿ. ಸೊಂಟ, ಬೆನ್ನುಹುರಿ, ಒಳಗಿನ ಅಂಗಗಳು ತಡೆಯುವುದಿಲ್ಲ. ಮೇಲೆ ಹಗ್ಗ ಕಟ್ಟಿದ ಆಧಾರವೂ ಕಿತ್ತು ಬರಬಹುದು.

ಆದ್ದರಿಂದ ಬಂಡೆ ಏರುವ ಹಗ್ಗದಲ್ಲಿ ಮೊದಲು ನೋಡಬೇಕಾದದ್ದು ಅದು ಬೀಳುವವನನ್ನು ಎಷ್ಟು ಮೃದುವಾಗಿ ನಿಲ್ಲಿಸುತ್ತದೆ ಎಂಬುದನ್ನು. ಇಂಥ ಹಗ್ಗವನ್ನು ಡೈನಮಿಕ್ ಹಗ್ಗ ಎನ್ನುತ್ತಾರೆ. ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಅದನ್ನು ಕಾಯುವ ನೇಯ್ದ ಹೊದಿಕೆ. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಈ ರಚನೆಯ ಹಗ್ಗವನ್ನು ತಂದ ಮೇಲೆ ಹೊಸೆದ ಹಗ್ಗಗಳು ಈ ಕ್ಷೇತ್ರದಿಂದ ಕ್ರಮೇಣ ಮರೆಯಾದವು. ಈ ಹಗ್ಗಗಳಿಗೆ ಅನ್ವಯಿಸುವ ಯುರೋಪಿನ ಮಾನದಂಡ ಇಎನ್ 892. ಅದರ ಪರೀಕ್ಷೆ ಎಷ್ಟು ನಿಷ್ಠುರವೆಂದರೆ, ಒಂಟಿಯಾಗಿ ಬಳಸುವ ಹಗ್ಗಕ್ಕೆ 80 ಕೆ.ಜಿ. ತೂಕ ಕಟ್ಟಿ, ನಿಜವಾದ ಏರುವಿಕೆಯಲ್ಲಿ ಅಪರೂಪಕ್ಕೆ ಮಾತ್ರ ಎದುರಾಗುವಂಥ ಕಠಿಣ ಬೀಳುವಿಕೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. ಕನಿಷ್ಠ ಐದು ಸಲ ಹಗ್ಗ ಹರಿಯಬಾರದು. ಮೊದಲ ಸಲ ಹುಟ್ಟುವ ಬಲ 12 ಕಿಲೋನ್ಯೂಟನ್, ಅಂದರೆ ಸುಮಾರು 1,200 ಕೆ.ಜಿ. ಭಾರ, ಮೀರಬಾರದು. ಹಗ್ಗ ಶೇ 40ಕ್ಕಿಂತ ಹೆಚ್ಚು ಹಿಗ್ಗಲೂಬಾರದು. ಅತಿಯಾಗಿ ಹಿಗ್ಗಿದರೆ ನೆಲವೇ ಸಿಗುತ್ತದೆ. ನಿಮ್ಮ ತೋಟದ ಹಗ್ಗಕ್ಕೆ ಈ ಪರೀಕ್ಷೆಯನ್ನು ಯಾರೂ ಮಾಡಿಲ್ಲ, ಮಾಡುವ ಅಗತ್ಯವೂ ಅದನ್ನು ತಯಾರಿಸಿದವರಿಗೆ ಇರಲಿಲ್ಲ.

ಇನ್ನೊಂದು ಸಂಗತಿ ಬಿಸಿಗೆ ಸಂಬಂಧಿಸಿದ್ದು. ಅಂಗಡಿಗಳಲ್ಲಿ ನೈಲಾನ್ ಹಗ್ಗವೆಂದು ಸಿಗುವ ಎಷ್ಟೋ ಹಗ್ಗಗಳು ಪಾಲಿಎಥಿಲಿನ್ ಅಥವಾ ಪಾಲಿಪ್ರೊಪಿಲಿನ್ ನೂಲಿನವು. ಪಾಲಿಎಥಿಲಿನ್ ಸುಮಾರು 130 ಡಿಗ್ರಿ, ಪಾಲಿಪ್ರೊಪಿಲಿನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ನೈಲಾನ್ ಕರಗಲು 220 ಡಿಗ್ರಿಯಾದರೂ ಬೇಕು. ಇಳಿಯುವಾಗ ಹಗ್ಗ ಲೋಹದ ಸಾಧನದ ಮೂಲಕ ಉಜ್ಜಿಕೊಂಡೇ ಹರಿಯುತ್ತದೆ. ಅವಸರದಲ್ಲಿ ಇಳಿದವರ ಕೈಗೆ ಆ ಸಾಧನ ಸುಡುವುದುಂಟು. ಮೇಲಾಗಿ ಆ ಹಗ್ಗಗಳು ಜಾರುಗುಣದವು, ಅವುಗಳಲ್ಲಿ ಗಂಟು ನಿಲ್ಲುವುದಿಲ್ಲ. ಬಿಸಿಲಿಗೆ ಬಿದ್ದು ಬಿದ್ದು ನೂಲು ಪುಡಿಯಾಗುವುದನ್ನು ತೋಟದಲ್ಲಿ ನೀವೇ ನೋಡಿರುತ್ತೀರಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. “ನಾವು ಕಲಿಯುವವರು. ಹಗ್ಗವನ್ನು ಮೇಲಿನಿಂದ ಕಟ್ಟಿ, ಕೆಳಗಿನವರು ಸಡಿಲ ಬಿಡದೆ ಎಳೆದುಕೊಳ್ಳುತ್ತಾ ಇರುತ್ತಾರೆ. 4 ಮೀಟರ್ ಬೀಳುವ ಮಾತೇ ಇಲ್ಲವಲ್ಲ?” ನಿಜ. ಟಾಪ್ ರೋಪ್ ಎನ್ನುವ ಈ ವಿಧಾನದಲ್ಲಿ ಬಲಗಳು ಕಡಿಮೆ. ಹೊಸಬರು ಕಲಿಯಬೇಕಾದದ್ದೂ ಹೀಗೆಯೇ. ತೋಟದ ಹಗ್ಗ ಅಲ್ಲಿ ಬಹಳ ಸಲ ಹಿಡಿದೀತು ಕೂಡ. ನನಗೆ ಭಯ ಹುಟ್ಟಿಸುವುದು ಅದೇ. ಬಹಳ ಸಲ ಹಿಡಿದದ್ದರಿಂದ ಧೈರ್ಯ ಬಂದು, ಕೆಳಗಿನವನು ಒಂದು ಸಲ ಮಾತಿಗೆ ತೊಡಗಿ ಎರಡು ಮೀಟರ್ ಸಡಿಲ ಬಿಟ್ಟ ದಿನ, ಹಗ್ಗ ಬಂಡೆಯ ಅಂಚಿಗೆ ಅಡ್ಡಲಾಗಿ ಕೂತಿದ್ದ ದಿನ, ಲೆಕ್ಕ ಬದಲಾಗುತ್ತದೆ. ಯಾವ ಪರೀಕ್ಷೆಯೂ ಆಗದ ಹಗ್ಗಕ್ಕೆ ಆ ದಿನ ಎಷ್ಟು ಶಕ್ತಿ ಉಳಿದಿದೆ ಎಂದು ಹೇಳಬಲ್ಲವರು ಯಾರೂ ಇಲ್ಲ.

ಹಿಗ್ಗದ ಹಗ್ಗ ಪೂರ್ತಿ ನಿಷಿದ್ಧ ಎಂದಲ್ಲ. ಇಎನ್ 1891 ಎಂಬ ಮಾನದಂಡದ ಸೆಮಿ ಸ್ಟ್ಯಾಟಿಕ್, ಅಂದರೆ ಬಹಳ ಕಡಿಮೆ ಹಿಗ್ಗುವ ಹಗ್ಗಗಳಿವೆ. ಬಂಡೆಯಿಂದ ಇಳಿಯಲು, ರಕ್ಷಣಾ ಕಾರ್ಯಕ್ಕೆ, ಮೇಲೆ ಆಧಾರ ಕಟ್ಟಲು ಅವೇ ಸರಿ. ಬೀಳುವ ಸಾಧ್ಯತೆ ಇರುವ ಕಡೆ ಮನುಷ್ಯನಿಗೆ ಕಟ್ಟಬಾರದು, ಅಷ್ಟೇ. ಆನ್‌ಲೈನ್ ಅಂಗಡಿಗಳಲ್ಲಿ ಮೋಸಹೋಗುವುದು ಸಾಮಾನ್ಯವಾಗಿ ಇಲ್ಲಿಯೇ. ಬಣ್ಣಬಣ್ಣದ 10 ಮಿಲಿಮೀಟರ್ ಹಗ್ಗಕ್ಕೆ ‘ಕ್ಲೈಂಬಿಂಗ್ ರೋಪ್’ ಎಂಬ ಹೆಸರು, ಪಕ್ಕದಲ್ಲಿ ಇಷ್ಟು ಕಿಲೋನ್ಯೂಟನ್ ಎಂಬ ಅಂಕಿ, ಆದರೆ ಇಎನ್ 892 ಎಂಬುದು ಎಲ್ಲೂ ಇಲ್ಲ. ಅಂಥದ್ದನ್ನು ಕೊಳ್ಳಬೇಡಿ. ಸರಿಯಾದ ಹಗ್ಗದ ಎರಡೂ ತುದಿಗಳಲ್ಲಿ ಸಣ್ಣ ಪಟ್ಟಿ ಇರುತ್ತದೆ. ಒಂಟಿಯಾಗಿ ಬಳಸುವ ಹಗ್ಗವಾದರೆ ಅದರ ಮೇಲೆ ವೃತ್ತದೊಳಗೆ 1 ಎಂಬ ಅಂಕಿ. ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎಂದು ಹೇಳುವ ಸಿಇ ಗುರುತು ಮತ್ತು ಅದರ ಜೊತೆ ನಾಲ್ಕು ಅಂಕಿಗಳ ಸಂಖ್ಯೆಯನ್ನು ಹುಡುಕಿ. ಉತ್ಪಾದನೆಯ ಮೇಲೆ ನಿಗಾ ಇಡುವ ಸಂಸ್ಥೆಯ ಸಂಖ್ಯೆ ಅದು. ಬೆಟ್ಟದ ಚಿತ್ರದೊಳಗೆ ಯು, ಐ, ಎ, ಎ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಂಡರೆ, ಅದು 1932ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಮುದ್ರೆ. ಯಾವ ಕಂಪನಿಯ ಯಾವ ಸಾಧನಕ್ಕೆ ಈ ಮುದ್ರೆ ಇದೆ ಎಂಬುದನ್ನು ಒಕ್ಕೂಟದ ಜಾಲತಾಣದಲ್ಲೇ ಹುಡುಕಿ ನೋಡಬಹುದು. ನಕಲಿ ಮುದ್ರೆಯ ಅನುಮಾನ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ಬೆಲ್ಟ್. ಕಟ್ಟಡ ಕೆಲಸದ ಬೆಲ್ಟಿಗೂ ಅದರದೇ ಮಾನದಂಡ ಇದೆ, ಸಾರುವೆಯ ಮೇಲೆ ಅದು ಜೀವ ಉಳಿಸುತ್ತದೆ. ಆದರೆ ಮೈತುಂಬ ತೊಡುವ ಮಾದರಿಯಲ್ಲಿ ಬಿದ್ದವನನ್ನು ಹಿಡಿಯುವ ಕೊಂಡಿ ಸಾಮಾನ್ಯವಾಗಿ ಬೆನ್ನ ಮೇಲಿರುತ್ತದೆ. ಬಂಡೆ ಏರುವವನಿಗೆ ಹಗ್ಗ ಎದುರಿಗೆ ಇರಬೇಕು. ಜಾರಿದಾಗ ಕೈಕಾಲು ಬಂಡೆಯ ಕಡೆಗಿದ್ದು ಕುಳಿತಂತೆ ನಿಲ್ಲಬೇಕು. ಸೊಂಟಕ್ಕೆ ಮಾತ್ರ ಸುತ್ತುವ ಬೆಲ್ಟಂತೂ ಇನ್ನೂ ಅಪಾಯ: ತೂಗುಬಿದ್ದವನ ಪೂರ್ತಿ ಭಾರ ಹೊಟ್ಟೆಯ ಮೇಲೆ ಬಿದ್ದು ಉಸಿರಾಟವೇ ಕಷ್ಟವಾಗುತ್ತದೆ. ಬೇಕಾದದ್ದು ಇಎನ್ 12277ರ ‘ಸಿ’ ಬಗೆಯ ಹಾರ್ನೆಸ್, ಅಂದರೆ ಸೊಂಟ ಮತ್ತು ಎರಡೂ ತೊಡೆಗಳನ್ನು ಹಿಡಿಯುವಂಥದ್ದು. ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಬಿಗಿಯಾಗಿ ಕೂರಬೇಕು. ಕೆಳಕ್ಕೆ ಎಳೆದರೆ ಜಾರಬಾರದು.

ಬೈಕ್ ಹೆಲ್ಮೆಟ್ ಭಾರ, ಕತ್ತೆತ್ತಿ ನೋಡಲು ಬಿಡುವುದಿಲ್ಲ, ಕೆಳಗಿನವರ ಕೂಗು ಕೇಳಿಸುವುದಿಲ್ಲ. ಕಟ್ಟಡ ಕೆಲಸದ ಟೋಪಿಯ ಗಲ್ಲಪಟ್ಟಿ ಹೆಚ್ಚು ಎಳೆತಕ್ಕೆ ಬಿಟ್ಟುಕೊಳ್ಳುವಂತೆ ಇರುವುದುಂಟು. ಎಲ್ಲಾದರೂ ಸಿಕ್ಕಿಕೊಂಡರೆ ಕೆಲಸಗಾರನ ಕುತ್ತಿಗೆ ಬಿಗಿಯಬಾರದೆಂಬ ಉದ್ದೇಶ. ಬಂಡೆ ಏರುವವನ ಹೆಲ್ಮೆಟ್ ಮಾತ್ರ ಬೀಳುವಾಗ ತಲೆಯ ಮೇಲೆಯೇ ಉಳಿಯಬೇಕು. ಅದರ ಮಾನದಂಡ ಇಎನ್ 12492, 5 ಕೆ.ಜಿ. ತೂಕವನ್ನು 2 ಮೀಟರ್ ಮೇಲಿನಿಂದ ಬೀಳಿಸಿ ಪರೀಕ್ಷಿಸುತ್ತಾರೆ. ನಮ್ಮ ಕಡೆಯ ಬೆಟ್ಟಗಳಿಗೆ ಇದು ಬಹಳ ಮುಖ್ಯ. ಅಂತರಗಂಗೆಯಲ್ಲಿ ಒಂದರ ಮೇಲೊಂದು ಪೇರಿದ ಗುಂಡುಬಂಡೆಗಳು, ಅವುಗಳ ಸಂದಿಯಲ್ಲಿ ಸಡಿಲ ಕಲ್ಲುಗಳು, ಮೇಲೆ ಚಾರಣಿಗರು ಮತ್ತು ಕೋತಿಗಳು. ಮಧುಗಿರಿ, ನಂದಿಯಂಥ ಬೋಳು ಬಂಡೆಗಳು ಬಿಸಿಲು ಮಳೆಗೆ ಪದರ ಪದರವಾಗಿ ಎದ್ದಿರುತ್ತವೆ. ತಟ್ಟಿದರೆ ಪೊಳ್ಳು ಸದ್ದು ಬರುವ ಕಲ್ಲಿನ ಚಕ್ಕೆಯನ್ನು ಹಿಡಿದು ಎಳೆದರೆ ಅದು ಕೆಳಗಿರುವ ಗೆಳೆಯನ ತಲೆಗೇ ಹೋಗುವುದು. ಆದ್ದರಿಂದ ಕೆಳಗೆ ಹಗ್ಗ ಹಿಡಿದವರಿಗೂ ಹೆಲ್ಮೆಟ್ ಇರಲೇಬೇಕು. ಹಣ ಕಡಿಮೆ ಇದ್ದರೆ ಬಂಡೆ ಏರುವ ವಿಶೇಷ ಶೂಗಳನ್ನು ಮುಂದಕ್ಕೆ ಹಾಕಿ, ಹೆಲ್ಮೆಟ್ ಬಿಡಬೇಡಿ.

ಕೊಂಡಿಗಳ, ಅಂದರೆ ಕ್ಯಾರಬಿನರ್‌ಗಳ ಮೈಮೇಲೆ ಮೂರು ಅಂಕಿಗಳನ್ನು ಕೊರೆದಿರುತ್ತಾರೆ. ಉದ್ದಕ್ಕೆ ಎಳೆದಾಗ 20 ಕಿಲೋನ್ಯೂಟನ್ ಅಥವಾ ಹೆಚ್ಚು. ಅಡ್ಡಕ್ಕೆ ಎಳೆದಾಗ 7ರ ಆಸುಪಾಸು. ಹಗ್ಗ ತೂರಿಸುವ ಬಾಗಿಲು ತೆರೆದಿದ್ದಾಗ 6 ಅಥವಾ 7. ಒಂದೇ ಕೊಂಡಿಯ ಬಲ ಬಾಗಿಲು ತೆರೆದಿದೆ ಎಂಬ ಕಾರಣಕ್ಕೇ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ನೋಡಿ. ಹಗ್ಗ ಮತ್ತು ಮನುಷ್ಯ ಸೇರುವ ಕಡೆ ತಿರುಪು ಇರುವ ಕೊಂಡಿಯನ್ನೇ ಬಳಸಿ, ತಿರುಪು ಬಿಗಿದಿದೆಯೇ ಎಂದು ಪ್ರತಿ ಸಲ ಕೈಯಿಂದ ಒತ್ತಿ ನೋಡಿ ಎಂದು ಪದೇ ಪದೇ ಹೇಳುವುದು ಇದಕ್ಕೇ. ಕೀಲಿ ಗೊಂಚಲಿಗೆ ಸಿಕ್ಕಿಸುವ ಬಣ್ಣದ ಕೊಂಡಿಗಳು ನೋಡಲು ಹಾಗೆಯೇ ಇರುತ್ತವೆ. ಅವುಗಳನ್ನು ಸಾಮಾನಿನ ಚೀಲದೊಳಗೂ ಸೇರಿಸಬೇಡಿ, ಅವಸರದಲ್ಲಿ ಕೈಗೆ ಬಂದುಬಿಡುತ್ತವೆ.

ಇಷ್ಟೆಲ್ಲ ಸರಿಯಾಗಿದ್ದರೂ ಮೇಲಿನ ಆಧಾರ ತಪ್ಪಿದರೆ ಎಲ್ಲವೂ ವ್ಯರ್ಥ. ಅದನ್ನು ಓದಿ ಕಲಿಯಲು ಹೋಗಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಗಟ್ಟಿ ಆಧಾರಗಳು ಬೇಕು. ದೊಡ್ಡದಾಗಿ ಕಂಡ ಗುಂಡು ಸಣ್ಣ ಕಲ್ಲಿನ ಮೇಲೆ ಕೂತಿರಬಹುದು, ಸುತ್ತಲೂ ನೋಡಬೇಕು. ಏರುವವನ ಹಗ್ಗ ಆಧಾರಕ್ಕೆ ಕಟ್ಟಿದ ನೈಲಾನ್ ಪಟ್ಟಿಯ ಮೂಲಕವೋ ಇನ್ನೊಂದು ಹಗ್ಗದ ಮೂಲಕವೋ ನೇರವಾಗಿ ಹರಿಯಬಾರದು. ನೈಲಾನ್ ನೈಲಾನನ್ನು ಉಜ್ಜಿದರೆ ಕ್ಷಣಗಳಲ್ಲಿ ಕರಗಿ ತುಂಡಾಗುತ್ತದೆ. ನಡುವೆ ಲೋಹದ ಕೊಂಡಿ ಬೇಕೇ ಬೇಕು. ಹಗ್ಗದ ಉದ್ದ ಬಂಡೆಯ ಎತ್ತರದ ಎರಡರಷ್ಟಕ್ಕಿಂತ ಹೆಚ್ಚಿರಬೇಕು, ಕೆಳಗಿನ ತುದಿಗೆ ಗಂಟು ಹಾಕಿರಬೇಕು. ಇಳಿಸುವಾಗ ತುದಿ ಕೈಜಾರಿ ಬಿದ್ದವರಿದ್ದಾರೆ. ಇದನ್ನೆಲ್ಲ ಎದುರಿಗೆ ನಿಂತು ಕಲಿಸಲು ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆ ಇದೆ. ಕೋಲಾರದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸಾಗಬಹುದು. ತರಬೇತಿಯ ದಿನಗಳಲ್ಲಿ ಅವರ ಸಾಮಗ್ರಿಗಳನ್ನೇ ಬಳಸಿ, ಹಾರ್ನೆಸ್ ಅಳತೆ ಯಾವುದು, ಹಗ್ಗ ಹಿಡಿಯುವ ಸಾಧನ ಯಾವುದು ಕೈಗೆ ಹೊಂದುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆ ಎಲ್ಲರೂ ಸೇರಿ ಒಂದು ಹಗ್ಗ ಕೊಂಡರೆ ಬೆಲೆ ಅಷ್ಟು ಹೊರೆಯಾಗದು. ಹಾರ್ನೆಸ್ ಮತ್ತು ಹೆಲ್ಮೆಟ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಬೇರೆಯವರು ಬಳಸಿದ ಹಗ್ಗವನ್ನು ಅಗ್ಗವೆಂದು ಕೊಳ್ಳಬೇಡಿ. ಅದು ಏನೇನು ಕಂಡಿದೆ ಎಂದು ನೋಡಿ ಹೇಳಲಾಗದು.

ಕೊಂಡ ಮೇಲೆ ಎಲ್ಲಿ ಇಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಮನೆಯ ಇನ್ವರ್ಟರ್ ಬ್ಯಾಟರಿಯ ಪಕ್ಕ ಬೇಡ. ಅದರ ಆಮ್ಲ ನೈಲಾನನ್ನು ತಿನ್ನುತ್ತದೆ, ಹೊರಗಿನಿಂದ ಏನೂ ಕಾಣದೆ ಇರಬಹುದು. ರೇಷ್ಮೆ ಸಾಕುವವರಾದರೆ ಹುಳುಮನೆಯಲ್ಲೂ ಬೇಡ, ಸೋಂಕು ಕಳೆಯಲು ಬಳಸುವ ಬ್ಲೀಚಿಂಗ್ ಪುಡಿಯೂ ನೈಲಾನಿಗೆ ಶತ್ರು. ಗೊಬ್ಬರ, ಔಷಧಿ ಇಡುವ ಕೊಟ್ಟಿಗೆಯೂ ಬೇಡ. ಕೊಳೆಯಾದರೆ ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿಡಿ. ಪ್ರತಿ ಸಲ ಹಗ್ಗವನ್ನು ತುದಿಯಿಂದ ತುದಿಗೆ ಬೆರಳ ನಡುವೆ ಹಾಯಿಸಿ ನೋಡಿ: ಒಂದೆಡೆ ಮೆತ್ತಗೆ ಕುಸಿದಿದ್ದರೆ, ಹೊದಿಕೆ ಹರಿದು ಬಿಳಿಯ ತಿರುಳು ಇಣುಕಿದರೆ, ಅದರ ಕೆಲಸ ಮುಗಿಯಿತು. ಒಂದು ಸಲವೂ ಬಳಸದಿದ್ದರೂ ತಯಾರಾದ ದಿನದಿಂದ ಹತ್ತು ವರ್ಷದ ಮೇಲೆ ಇಟ್ಟುಕೊಳ್ಳಬೇಡಿ ಎಂಬುದು ತಯಾರಕರ ಸಾಮಾನ್ಯ ಸೂಚನೆ. ಹಾಗೆ ನಿವೃತ್ತಿಯಾದ ಹಗ್ಗವನ್ನು ಇಡಿಯಾಗಿ ಯಾರಿಗೂ ಕೊಡಬೇಡಿ. ಒಂದೊಂದು ಮಾರಿಗೆ ಕತ್ತರಿಸಿ ಹಾಕಿ, ಮತ್ತೊಬ್ಬರು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಆಗದಂತೆ.