ಪೊಳ್ಳು ತಲೆ

ಕಂಚಿನ ಪ್ರತಿಮೆ ಮಾಡಿಸಲು ಬಂದವರು ಮೊದಲು ಕೇಳುವುದು ಒಂದೇ: "ಒಳಗೆಲ್ಲ ಗಟ್ಟಿ ತಾನೇ?" ಇಲ್ಲ, ಪೊಳ್ಳು ಎಂದರೆ ಮುಖ ಸಪ್ಪೆಯಾಗುತ್ತದೆ. ಎಲ್ಲೋ ಟೋಪಿ ಹಾಕುತ್ತಿದ್ದೇನೆ ಎಂಬ ಗುಮಾನಿ. ಆಗ ನಾನು ಫೋನ್ ತೆಗೆದು ಪೋಲೆಂಡಿನ ಕ್ರಾಕೋವ್ ನಗರದ ಒಂದು ಫೋಟೋ ತೋರಿಸುತ್ತೇನೆ.

ಊರ ನಡುವಿನ ಚೌಕ ಅದು. 1257ರಲ್ಲಿ ಅಳತೆ ಹಾಕಿ ಮಾಡಿದ್ದು, ಒಂದೊಂದು ಬದಿಯೂ ಸುಮಾರು 200 ಮೀಟರ್. ಅಲ್ಲಿದ್ದ ಪುರಭವನವನ್ನು 1820ರಲ್ಲಿ ಕೆಡವಿದರು, ಗೋಪುರ ಮಾತ್ರ ಉಳಿಯಿತು. ಅದರ ಹತ್ತಿರ ಕಂಚಿನ ದೊಡ್ಡ ತಲೆಯೊಂದು ಅಡ್ಡಬಿದ್ದಿದೆ. ಮೈಯಿಲ್ಲ. ಮುಖದ ಸುತ್ತ ಗಾಯಕ್ಕೆ ಕಟ್ಟಿದಂತೆ ಪಟ್ಟಿ. ಕಣ್ಣಿನ ಜಾಗದಲ್ಲಿ ತೂತು. ಮಕ್ಕಳು ಒಳಗೆ ನುಗ್ಗಿ ಆ ತೂತಿನಿಂದ ಇಣುಕುತ್ತಾರೆ.

ಹೆಸರು 'ಇರೋಸ್ ಬೆಂದಾತೊ'. ಇರೋಸ್ ಅಂದರೆ ಗ್ರೀಕರ ಮನ್ಮಥ. ಬೆಂದಾತೊ ಅಂದರೆ ಇಟಾಲಿಯನ್ ಭಾಷೆಯಲ್ಲಿ ಪಟ್ಟಿ ಕಟ್ಟಿಸಿಕೊಂಡವನು. ಊರಿನವರು ಸುಮ್ನೆ 'ತಲೆ' ಅನ್ನುತ್ತಾರೆ. ಮಾಡಿದವರು ಇಗೋರ್ ಮಿತೊರಾಯ್. ಕ್ರಾಕೋವ್‌ನಲ್ಲೇ ಕಲಿತು, 1968ರಲ್ಲಿ ಪ್ಯಾರಿಸ್‌ಗೆ ಹೋದವರು. ಆಮೇಲೆ ಇಟಲಿಯ ಪಿಯೆತ್ರಾಸಾಂತದಲ್ಲಿ ಸ್ಟುಡಿಯೊ ಹಾಕಿದರು. ಅಮೃತಶಿಲೆ ಕೆತ್ತುವವರು, ಎರಕದವರು ತುಂಬಿದ ಊರು ಅದು. 2014ರಲ್ಲಿ ತೀರಿಕೊಂಡರು.

ಇನ್ನು ಪೊಳ್ಳಿನ ವಿಷಯ. ಕರಗಿದ ಕಂಚು ಆರುವಾಗ ಕುಗ್ಗುತ್ತದೆ. ದಪ್ಪ ಜಾಸ್ತಿಯಾದಷ್ಟೂ ಮೇಲೆ ಬೇಗ ಗಟ್ಟಿಯಾಗಿ, ಒಳಗೆ ಇನ್ನೂ ದ್ರವವಾಗಿ ಉಳಿದು, ಎಳೆದಾಟ ಶುರುವಾಗುತ್ತದೆ. ಕಲಿಯುವ ದಿನಗಳಲ್ಲಿ ಇದನ್ನು ನಂಬದೆ ಒಂದು ತಲೆಯನ್ನು ಗಟ್ಟಿಯಾಗಿ ಎರೆದೆ. ಅಚ್ಚು ಒಡೆದು ನೋಡಿದರೆ ಬಲಗೆನ್ನೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಗುಂಡಿ, ಕಿವಿಯವರೆಗೆ ಬಿರುಕು. ಹಾಗಾಗಿ ಆರೇಳು ಮಿಲಿಮೀಟರ್ ಮೇಣದ ಪದರ ಮಾಡಿ, ಒಳಗೆ ಕೋರ್, ಅಂದರೆ ಪೊಳ್ಳಿನ ಜಾಗ ಹಿಡಿದಿಡುವ ಗಾರೆಯ ತಿರುಳು, ತುಂಬಿ, ಹೊರಗೆ ಅಚ್ಚಿನ ಗಾರೆ ಮೆತ್ತುತ್ತೇವೆ. ಕಾಯಿಸಿದರೆ ಮೇಣ ಹರಿದು ಹೋಗುತ್ತದೆ. ಆ ಸಂದಿಗೆ ಸುಮಾರು 1,100 ಡಿಗ್ರಿಯ ಕಂಚು ಸುರಿಯುತ್ತೇವೆ. ಆರಿದ ಮೇಲೆ ಕೋರ್ ಕುಟ್ಟಿ ತೆಗೆಯುವುದು. ದೊಡ್ಡ ಕೆಲಸವಾದರೆ ತುಂಡು ತುಂಡಾಗಿ ಎರೆದು ವೆಲ್ಡ್ ಮಾಡುವುದು.

ವಿದ್ಯೆ ಹೊಸದೇನಲ್ಲ. ಹಳೆಯ ಗ್ರೀಕರ ದೊಡ್ಡ ಕಂಚುಗಳೂ ಪೊಳ್ಳೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕ ವಿವರಿಸಿ, ಮೇಣದ ತೂಕಕ್ಕೆ ಎಂಟು ಪಟ್ಟು ತಾಮ್ರ ಬೇಕು ಎಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ನಾನು ಹತ್ತು ಪಟ್ಟು ಇಟ್ಟುಕೊಳ್ಳುತ್ತೇನೆ. ಮೂಸೆಯಲ್ಲಿ ಲೋಹ ಕಮ್ಮಿ ಬಿದ್ದ ದಿನದ ಸಂಕಟ ಯಾರಿಗೂ ಬೇಡ.

ಆದರೆ ನಾವೆಲ್ಲ ಆ ಪೊಳ್ಳನ್ನು ಮುಚ್ಚುತ್ತೇವೆ. ತೂತಿಗೆ ತಗಡು ಹಾಕಿ, ಗ್ರೈಂಡಿಂಗ್ ಮಾಡಿ, ಪೀಠದ ಮೇಲೆ ಕೂರಿಸಿ, ಗಟ್ಟಿ ಇದೆ ಎಂಬ ಭ್ರಮೆ ಉಳಿಸುತ್ತೇವೆ. ಮಿತೊರಾಯ್ ಅದನ್ನೇ ತೆರೆದಿಟ್ಟರು. ಮಕ್ಕಳು ಹೋಗಿ ಕೂರುವುದು ಕೋರ್ ಇದ್ದ ಜಾಗದಲ್ಲಿ! ಗ್ರೀಕರ ಕಂಚುಗಳಲ್ಲಿ ಬಹುಪಾಲು ಯಾವತ್ತೋ ಕರಗಿ ಹೋದವು. ಉಳಿದ ಕಲ್ಲಿನ ಮೂರ್ತಿಗಳಲ್ಲೂ ಎಷ್ಟಕ್ಕೋ ಕೈಯಿಲ್ಲ, ಎಷ್ಟಕ್ಕೋ ತಲೆಯಿಲ್ಲ. ನಮಗೆ ಗೊತ್ತಿರುವ ಗ್ರೀಸ್ ಇಂಥ ತುಂಡುಗಳದ್ದೇ ಅಲ್ವಾ? ಮಿತೊರಾಯ್ ತುಂಡನ್ನೇ ಹೊಸದಾಗಿ ಮಾಡಿದರು. ನಮ್ಮಲ್ಲಿ ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಭಿನ್ನವಾಗಿಯೇ ಮಾಡಿಕೊಡಿ ಎಂದು ನನ್ನನ್ನು ಯಾರೂ ಕೇಳಿಲ್ಲ.

ಒಡೆದಂತೆ ಮಾಡುವುದು ಸುಲಭವೂ ಅಲ್ಲ. ನಿಜವಾಗಿ ಒಡೆದ ಕಂಚಿನ ಅಂಚು ಹರಿದ ತಗಡಿನ ಹಾಗೆ, ಕೈ ಕೊಯ್ಯುತ್ತದೆ. ಮಕ್ಕಳು ಹತ್ತುವ ಕಡೆ ಅದು ಆಗದು. ಅಂಚನ್ನು ಮೇಣದಲ್ಲೇ ತಿದ್ದಿ, ಎರಕದ ಮೇಲೆ ಮತ್ತೆ ಉಜ್ಜಿ ದುಂಡಗೆ ಮಾಡಬೇಕು. ನೋಡುವವರಿಗೆ ಮಾತ್ರ ಅದು ಮುರಿದಂತೆಯೇ ಕಾಣಬೇಕು.

ಒಂದು ತಕರಾರು ನನಗೂ ಇದೆ. ಮುಖ ಸ್ವಲ್ಪ ಜಾಸ್ತಿಯೇ ಚೆಂದ. ಆ ತುಟಿ, ಮೂಗಿನ ನುಣುಪು ನೋಡಿದರೆ ಜಾಹೀರಾತಿನ ಹುಡುಗನ ನೆನಪಾಗುತ್ತದೆ. ಹಿಂದಿನಿಂದ, ಆ ಖಾಲಿ ಕತ್ತಲೆಯ ಕಡೆಯಿಂದ ತೆಗೆದ ಫೋಟೋಗಳೇ ನನಗೆ ಇಷ್ಟ.

ಗಿರಾಕಿಗಳು ಫೋಟೋವನ್ನು ದೊಡ್ಡದು ಮಾಡಿ, ಕಣ್ಣಿನ ತೂತಿನಲ್ಲಿರುವ ಮಗುವಿನ ಮುಖ ನೋಡಿ ನಗುತ್ತಾರೆ. ಆಮೇಲೆ ಫೋನ್ ವಾಪಸ್ ಕೊಡುತ್ತಾ, "ಸರಿ ಸಾರ್, ಪೊಳ್ಳೇ ಇರಲಿ. ನಮ್ಮ ತಾತನಿಗೆ ಮಾತ್ರ ಕಿಂಡಿ ಬೇಡ" ಅನ್ನುತ್ತಾರೆ.